ಎರಡು ವಾರದ ಪ್ರಶ್ನೆ, ಹತ್ತು ವರ್ಷದ ಉತ್ತರ: ಮನಸ್ಸಿನ ಆರೋಗ್ಯದ ಸರ್ವೆಯಲ್ಲಿ ಏನು ಕೇಳಬೇಕು?

ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ – ಶನಿವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಸಮಾಜಕಾರ್ಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಈಗ ಎರಡನೇ ವರ್ಷ. ಮೂಲ ಊರು ಬ್ಯಾಡಗಿ ತಾಲ್ಲೂಕು. ಸಾಲ, ಕೆಲಸ, ಮನೆಯ ಪರಿಸ್ಥಿತಿ ಇವೆಲ್ಲ ಮನಸ್ಸಿನ ಆರೋಗ್ಯವನ್ನು ಹೇಗೆ ಕೆಡಿಸುತ್ತವೆ, ಹೇಗೆ ಕಾಯುತ್ತವೆ ಅನ್ನೋದು ನನ್ನ ವಿಷಯ. ಎರಡು ಗುಂಪಿನವರ ಜೊತೆ ಮಾತಾಡುತ್ತಿದ್ದೇನೆ. ಒಂದು, ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಸಂಘ ಮಾಡಿಕೊಂಡಿರುವ ಹೆಣ್ಣುಮಕ್ಕಳು. ಇನ್ನೊಂದು, ಇಲ್ಲೇ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು.

ಹೋದ ವಾರ ಪ್ರಶ್ನೆಗಳನ್ನು ಮೊದಲ ಸಲ ಜನರ ಮುಂದೆ ಇಟ್ಟು ನೋಡಲು ಹಾನಗಲ್ ಕಡೆ ಒಂದು ಹಳ್ಳಿಗೆ ಹೋಗಿದ್ದೆ. ಖಿನ್ನತೆ ಅಳೆಯಲು ಪಿಎಚ್‌ಕ್ಯೂ-9 ಅಂತ ಒಂದು ಪಟ್ಟಿ ಇದೆ. ಎಷ್ಟೋ ದೇಶಗಳಲ್ಲಿ ಬಳಸುತ್ತಾರೆ. ಒಂಬತ್ತು ಪ್ರಶ್ನೆ. ‘ಕಳೆದ ಎರಡು ವಾರದಲ್ಲಿ’ ನಿದ್ದೆ ಹೇಗಿತ್ತು, ಊಟ ಸೇರಿತಾ, ಕೆಲಸದಲ್ಲಿ ಆಸಕ್ತಿ ಇತ್ತಾ ಅಂತ ಒಂದೊಂದೇ ಕೇಳಬೇಕು. ಪ್ರತಿ ಉತ್ತರಕ್ಕೆ 0ಯಿಂದ 3 ಅಂಕ. ಒಟ್ಟು 27. ಸಾಮಾನ್ಯವಾಗಿ 10 ಅಥವಾ ಹೆಚ್ಚು ಬಂದರೆ ಗಮನ ಕೊಡಬೇಕು ಅಂತ ಲೆಕ್ಕ.

ಒಬ್ಬ ತಾಯಿ ಒಂಬತ್ತಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು. ಗುರುತು ಸಿಗಬಾರದು ಅಂತ ಅವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲ ಮುಗಿದ ಮೇಲೆ ಅವರೇ ನನ್ನನ್ನು ಕೇಳಿದರು: ‘ಎರಡು ವಾರ, ಎರಡು ವಾರ ಅಂತ ಕೇಳಾಕತ್ತಿಯಲ್ಲ ಯವ್ವಾ, ನಾ ಹತ್ತು ವರ್ಷದಿಂದ ಹಿಂಗ ಅದೀನಿ. ಅದನ್ನ ಎಲ್ಲಿ ಬರಕೋತಿ?’

ಬರೆದುಕೊಳ್ಳಲು ನನ್ನ ಹಾಳೆಯಲ್ಲಿ ಜಾಗ ಇರಲಿಲ್ಲ. ಅವರ ಒಟ್ಟು ಅಂಕ 14. ಅಷ್ಟು ಬರೆದುಕೊಂಡು ಬಸ್ ಹತ್ತಿದೆ. ಹಾವೇರಿ ಬರುವವರೆಗೂ ಆ 14 ನೋಡುತ್ತಾ ಕೂತಿದ್ದೆ. ಅದರಲ್ಲಿ ಆ ತಾಯಿ ಇರಲೇ ಇಲ್ಲ.

ಒಂಬತ್ತು ಪ್ರಶ್ನೆಗಳನ್ನು ಮುಟ್ಟಬೇಡ ಅಂತ ನನ್ನ ಗೈಡ್ ಹೇಳಿದ್ದಾರೆ. ಒಪ್ಪುತ್ತೇನೆ. ಆದರೆ ಎರಡನೇ ಹಾಳೆ ಪೂರ್ತಿ ನನ್ನದು. ಸಮಾಜದ ಬಗ್ಗೆ, ಬದುಕಿನ ಬಗ್ಗೆ ಏನು ಕೇಳಬೇಕು ಅಂತ ನಾನೇ ನಿರ್ಧರಿಸಬಹುದು. ಈ ಭಾಗದವರು ನೀವು. ನೀವೇ ಹೇಳಿ, ಏನು ಕೇಳಲಿ?

ಅಂಕಿಸಂಖ್ಯೆ ಮೇಷ್ಟ್ರು, ಗದಗ – ಶನಿವಾರ ರಾತ್ರಿ 10.25

ತಂಗಿ, ಮೊದಲು ಗೈಡ್ ಹೇಳಿದ್ದು ಯಾಕೆ ಸರಿ ಅಂತ ಹೇಳುತ್ತೇನೆ. ಒಂಬತ್ತು ಪ್ರಶ್ನೆಯಲ್ಲಿ ಒಂದು ಮಾತು ಬದಲಿಸಿದರೂ ನಿಮ್ಮ 14 ಮತ್ತು ಬೇರೆ ಊರಿನ 14 ಒಂದೇ ಅಳತೆ ಆಗುವುದಿಲ್ಲ. ಸೇರು ಬದಲಾದರೆ ಜೋಳದ ಲೆಕ್ಕ ತಪ್ಪುತ್ತದಲ್ಲ, ಹಾಗೆ. ಎರಡು ವಾರ ಅಂತ ಇಟ್ಟಿರುವುದೂ ಸುಮ್ನೆ ಅಲ್ಲ. ಹತ್ತು ವರ್ಷದ ನಿದ್ದೆಯನ್ನು ಯಾರೂ ಸರಿಯಾಗಿ ನೆನಪಿಟ್ಟುಕೊಂಡಿರುವುದಿಲ್ಲ.

ಆದರೆ ನೀವು ತಿಳಿಯಬೇಕು ಅಂತಿರೋದು ಆ ಪಟ್ಟಿಯೊಳಗೆ ಇಲ್ಲ. ಯಾವುದರಿಂದ ಯಾವುದು ಆಯಿತು ಅನ್ನೋದು ನಿಮ್ಮ ಪ್ರಶ್ನೆ. ಈ ಜಗಳ ಬಹಳ ಹಳೆಯದು. 1939ರಲ್ಲಿ ಫೆರಿಸ್ ಮತ್ತು ಡನ್‌ಹ್ಯಾಮ್ ಅನ್ನುವ ಇಬ್ಬರು ಅಮೆರಿಕದ ಶಿಕಾಗೋ ನಗರದ ಆಸ್ಪತ್ರೆ ದಾಖಲೆಗಳನ್ನು ತೆಗೆದು, ಯಾವ ಓಣಿಯಿಂದ ಎಷ್ಟು ರೋಗಿಗಳು ಬಂದರು ಅಂತ ನಕಾಶೆ ಮಾಡಿದರು. ಸ್ಕಿಜೋಫ್ರೀನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ ನಗರದ ನಡುವಿನ ಬಡ ಓಣಿಗಳಲ್ಲಿ ಜಾಸ್ತಿ, ಹೊರಗಿನ ಅನುಕೂಲಸ್ಥರ ಬಡಾವಣೆಗಳಲ್ಲಿ ಕಡಿಮೆ ಇತ್ತು. ಆ ಓಣಿಯ ಬದುಕೇ ಕಾಯಿಲೆ ತರುತ್ತದೆ ಅಂತ ಕೆಲವರು ಅಂದರು. ಇಲ್ಲ, ಕಾಯಿಲೆ ಬಂದವರು ಕೆಲಸ ಕಳೆದುಕೊಂಡು ಅಗ್ಗದ ರೂಮ್ ಹುಡುಕಿಕೊಂಡು ಆ ಓಣಿಗೆ ಬಂದು ಬೀಳುತ್ತಾರೆ ಅಂತ ಬೇರೆಯವರು ಅಂದರು. ನಕಾಶೆ ಒಂದೇ, ಅರ್ಥ ಎರಡು.

ಇತ್ತೀಚೆಗೆ ಇದನ್ನು ಬಿಡಿಸಲು ಒಳ್ಳೆಯ ದಾರಿಗಳು ಸಿಕ್ಕಿವೆ. ಇಂಡೋನೇಷ್ಯಾದಲ್ಲಿ ಸರ್ಕಾರ ಬಡ ಕುಟುಂಬಗಳಿಗೆ ನೇರವಾಗಿ ಹಣ ಕೊಡುವ ಯೋಜನೆಯನ್ನು ಒಂದೊಂದೇ ತಾಲ್ಲೂಕಿಗೆ ಹಂತ ಹಂತವಾಗಿ ತಂದಿತು. ಹಣ ಮೊದಲು ತಲುಪಿದ ಕಡೆ, ಇನ್ನೂ ತಲುಪದ ಕಡೆ ಹೋಲಿಸಿ ನೋಡಿದಾಗ ಆತ್ಮಹತ್ಯೆಗಳು ಶೇ 18ರಷ್ಟು ಇಳಿದಿದ್ದವು. ಈ ಅಧ್ಯಯನ ಬಂದಿದ್ದು 2019ರಲ್ಲಿ. ಮರುವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದ ಲೇಖನ ಬಂತು. ಗೋವಾದಲ್ಲಿ ಬಹಳ ಕಾಲ ಕೆಲಸ ಮಾಡಿದ ವಿಕ್ರಮ್ ಪಟೇಲ್ ಕೂಡ ಬರೆದವರಲ್ಲಿ ಒಬ್ಬರು. ಒಂದೇ ಊರಿನಲ್ಲಿ ತೀರಾ ಕಡಿಮೆ ವರಮಾನ ಇರುವವರಿಗೆ ಖಿನ್ನತೆ ಅಥವಾ ಆತಂಕ ಇರುವುದು, ಹೆಚ್ಚು ವರಮಾನದವರಿಗಿಂತ ಒಂದೂವರೆಯಿಂದ ಮೂರು ಪಟ್ಟು ಜಾಸ್ತಿ ಅಂತ ಅದರಲ್ಲಿದೆ. ಬಡತನ ಮನಸ್ಸನ್ನು ಕುಗ್ಗಿಸುತ್ತದೆ. ಕುಗ್ಗಿದ ಮನಸ್ಸು ದುಡಿಮೆಯನ್ನು ಕುಗ್ಗಿಸುತ್ತದೆ. ಎರಡೂ ನಿಜ.

ಅದಕ್ಕೇ ನನ್ನ ಸಲಹೆ: ಎರಡನೇ ಹಾಳೆಯಲ್ಲಿ ‘ಏನು’ ಅನ್ನುವುದಕ್ಕಿಂತ ‘ಯಾವಾಗ’ ಅಂತ ಕೇಳಿ. ಇಸವಿ ಕೇಳಿದರೆ ಸಿಗುವುದಿಲ್ಲ. ಮಗಳ ಮದುವೆ ವರ್ಷ, ಕೊರೊನಾ ವರ್ಷ, ಬರ ಬಿದ್ದ 2023, ಬೋರ್ ಬತ್ತಿದ ವರ್ಷ ಅಂತ ಒಂದು ಗೆರೆ ಎಳೆದು ಗುರುತು ಹಾಕಿ. ಆಮೇಲೆ ಆ ಗೆರೆಯ ಮೇಲೆ ‘ನಿದ್ದೆ ಬಿಟ್ಟಿದ್ದು ಎಲ್ಲಿ?’ ಅಂತ ಕೇಳಿ. ಆ ತಾಯಿಯ ಹತ್ತು ವರ್ಷಕ್ಕೆ ಅಲ್ಲಿ ಜಾಗ ಸಿಗುತ್ತದೆ.

ಸಪ್ತಾಪುರ, ಮೂರನೇ ಮಹಡಿ – ಶನಿವಾರ ರಾತ್ರಿ 11.50

ನಾನು ನಿಮ್ಮ ಎರಡನೇ ಗುಂಪಿನವನು ಅಕ್ಕಾ. ರೋಣ ತಾಲ್ಲೂಕು. 2019ರಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ತಗೊಂಡು ಧಾರವಾಡಕ್ಕೆ ಬಂದೆ. ಎರಡು ವರ್ಷದಲ್ಲಿ ಪಿಎಸ್‌ಐ ಆಗಿ ವಾಪಸ್ ಬರುತ್ತೇನೆ ಅಂತ ಅಪ್ಪನಿಗೆ ಹೇಳಿದ್ದೆ.

545 ಹುದ್ದೆಗಳ ಪಿಎಸ್‌ಐ ಪರೀಕ್ಷೆ ಅಕ್ಟೋಬರ್ 2021ರಲ್ಲಿ ಆಯಿತು. ಅಕ್ರಮ ಹೊರಬಿತ್ತು. ಏಪ್ರಿಲ್ 2022ರಲ್ಲಿ ರದ್ದು ಮಾಡಿದರು. ಮರುಪರೀಕ್ಷೆ ನಡೆದಿದ್ದು ಜನವರಿ 2024ರಲ್ಲಿ. ಓದುವವರಿಗೆ ಈ ಮೂರು ದಿನಾಂಕ ಬಾಯಿಪಾಠ. ಸುದ್ದಿಯಲ್ಲಿ ಅದು ಹಗರಣ. ನಮ್ಮ ರೂಮಿನಲ್ಲಿ ಅದು ಎರಡೂಕಾಲು ವರ್ಷದ ಮೆಸ್ ಬಿಲ್, ರೀಡಿಂಗ್ ರೂಮಿನ ಬಾಡಿಗೆ, ಅಪ್ಪ ಮಾರಿದ ಒಂದು ಜೋಡಿ ಎತ್ತು.

‘ನಿಮ್ಮ ಬಗ್ಗೆ ನಿಮಗೆ ಬೇಸರ ಅನಿಸಿದೆಯಾ, ಸೋತಿದ್ದೇನೆ ಅನಿಸಿದೆಯಾ’ ಅಂತ ಆ ಪಟ್ಟಿಯಲ್ಲಿ ಒಂದು ಪ್ರಶ್ನೆ ಇದೆ ಅಲ್ವಾ? ನಾನು ಹೌದು ಅಂತಲೇ ಹೇಳುತ್ತೇನೆ. ಆದರೆ ನಾನು ಪರೀಕ್ಷೆಯಲ್ಲಿ ಸೋತಿದ್ದೇನೋ, ಪರೀಕ್ಷೆಯೇ ನನ್ನನ್ನು ಸೋಲಿಸಿದೆಯೋ ಅಂತ ನೀವು ಹೇಗೆ ಬೇರೆ ಮಾಡುತ್ತೀರಿ? ಎರಡಕ್ಕೂ ಅಂಕ ಒಂದೇ.

ನನಗೆ ಹೊಳೆದ ಒಂದು ಪ್ರಶ್ನೆ ಹೇಳುತ್ತೇನೆ. ‘ಊರಿಗೆ ಹೋಗಿ ಎಷ್ಟು ದಿನ ಆಯಿತು?’ ಅಂತ ಕೇಳಿ. ನಾನು ಎರಡು ದೀಪಾವಳಿ ಹೋಗಿಲ್ಲ. ಬಸ್ಸಿಗೆ ದುಡ್ಡಿಲ್ಲ ಅಂತಲ್ಲ. ಕಟ್ಟೆ ಮೇಲೆ ಕೂತವರು ‘ಏನಾತೋ ತಮ್ಮಾ ನೌಕರಿ?’ ಅಂತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಅದೇ ತಡೆಯೋಕೆ ಆಗಲ್ಲ.

ಇನ್ನೊಂದು. ‘ಫೋನಿನಲ್ಲಿ ಯಾರಿಗೆ ನಿಜ ಹೇಳುತ್ತೀರಿ?’ ಅಂತ ಕೇಳಿ. ಅವ್ವ ದಿನಾ ಊಟ ಆಯ್ತಾ ಅಂತ ಕೇಳುತ್ತಾಳೆ. ದಿನಾ ಆಯ್ತು ಅನ್ನುತ್ತೇನೆ. ನಿಜ ಗೊತ್ತಿರೋದು ರೂಮ್‌ಮೇಟ್‌ಗೆ ಮಾತ್ರ. ಅವನೂ ಅದೇ ಹುದ್ದೆಗೆ ಅರ್ಜಿ ಹಾಕಿದ್ದಾನೆ, ಆದರೂ ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟವನು ಅವನೇ.

ಪಿಜಿ ವಾಸಿ, ರಾಣೇಬೆನ್ನೂರು – ಭಾನುವಾರ ಬೆಳಿಗ್ಗೆ 7.15

ಹುಡುಗಿಯರಿಗೆ ವಯಸ್ಸಿನ ಮಿತಿಯನ್ನು ಸರ್ಕಾರಕ್ಕಿಂತ ಮೊದಲು ಮನೆಯವರು ಹಾಕುತ್ತಾರೆ. ‘ಈ ಸಲ ಆಗ್ಲಿಲ್ಲ ಅಂದ್ರ ವರ ನೋಡ್ತೀವಿ.’ ನಮ್ಮ ಪಿಜಿಯಲ್ಲಿ ಹನ್ನೊಂದು ಜನ ಇದ್ದೇವೆ, ಒಂಬತ್ತು ಜನರಿಗೆ ಈ ಮಾತು ಹೇಳಿಯಾಗಿದೆ. ಇದನ್ನೂ ಕೇಳಿ ದಯವಿಟ್ಟು.

ಆಶಾ ಕಾರ್ಯಕರ್ತೆ, ಹಾನಗಲ್ ತಾಲ್ಲೂಕು – ಭಾನುವಾರ ಮಧ್ಯಾಹ್ನ 2.30

ತಂಗಿ, ನಿಮ್ಮ ಮೇಲೆ ಸಿಟ್ಟಿಲ್ಲ. ಆದರೂ ಈ ಮಾತು ಹೇಳಲೇಬೇಕು.

ಮೂರು ವರ್ಷದ ಹಿಂದೆ ನಮ್ಮ ಊರಿಗೆ ಒಂದು ತಂಡ ಬಂದಿತ್ತು. ಎಲ್ಲಿಯವರು ಅಂತ ಇಲ್ಲಿ ಬರೆಯುವುದಿಲ್ಲ. ಟ್ಯಾಬ್ ಹಿಡಿದು ಮನೆ ಮನೆಗೆ ಹೋದರು. ಕರೆದುಕೊಂಡು ಹೋದವಳು ನಾನೇ. ಗಂಡ ಹೊಡೆಯುತ್ತಾನಾ, ಜೀವ ಬೇಡ ಅನಿಸಿದೆಯಾ ಅಂತ ಅತ್ತೆಯ ಎದುರಿಗೇ ಕೇಳಿದರು. ಒಬ್ಬ ಹೆಣ್ಣುಮಗಳು ಅಳುವುದಕ್ಕೆ ಶುರು ಮಾಡಿದಳು. ನೀರು ಕುಡಿಸಿ ‘ಮುಂದಿನ ಪ್ರಶ್ನೆ’ ಅಂದರು. ಸಂಜೆ ಗಾಡಿ ಹತ್ತಿ ಹೋದರು. ಮರುದಿನ ಆ ಮನೆಯಲ್ಲಿ ದೊಡ್ಡ ಜಗಳ. ಇವತ್ತಿಗೂ ನಾನು ಆ ಓಣಿಗೆ ಹೋದರೆ ಆಕೆಯ ಅತ್ತೆ ಬಾಗಿಲು ಹಾಕಿಕೊಳ್ಳುತ್ತಾರೆ. ಹೋದ ವರ್ಷ ಆ ಮನೆಯಲ್ಲಿ ಬಾಣಂತಿ ಇದ್ದಳು. ಕೂಸಿನ ತೂಕ ನೋಡಲೂ ಬಿಡಲಿಲ್ಲ. ಆ ಸರ್ವೆಯಿಂದ ಏನು ಗೊತ್ತಾಯಿತು ಅಂತ ನಮಗೆ ಯಾರೂ ಬಂದು ಹೇಳಿಲ್ಲ.

ಇನ್ನು ಮಾತಿನ ವಿಷಯ. ಖಿನ್ನತೆ ಅಂದರೆ ನಮ್ಮ ಊರಲ್ಲಿ ಅರ್ಥ ಆಗುವುದಿಲ್ಲ. ಹೆಣ್ಣುಮಕ್ಕಳು ‘ಭಾಳ ವಿಚಾರ ಹತ್ಯಾವ್ರಿ’ ಅಂತಾರೆ. ‘ಎದಿ ಒಜ್ಜಿ ಆಗೇತಿ’ ಅಂತಾರೆ. ‘ಕೈಕಾಲಾಗ ಶಕ್ತಿ ಇಲ್ಲ’ ಅಂತ ಬಂದು ಗ್ಲೂಕೋಸ್ ಬಾಟ್ಲಿ ಹಚ್ಚಿಸಿಕೊಂಡು ಹೋಗುತ್ತಾರೆ. ಎರಡು ದಿನ ಹಗುರ ಅನಿಸುತ್ತದೆ, ಮತ್ತೆ ಅದೇ. ನೀವು ಮನಸ್ಸಿನ ಬಗ್ಗೆ ಕೇಳಿದರೆ ‘ನನಗೇನಾಗೈತಿ, ಆರಾಮ ಅದೀನಿ’ ಅಂತಾರೆ. ಎದೆ ಬಗ್ಗೆ, ಕೈಕಾಲಿನ ಬಗ್ಗೆ ಕೇಳಿದರೆ ಒಂದು ತಾಸು ಮಾತಾಡುತ್ತಾರೆ.

ಮೂರನೆಯದು ಯಾರಿಗೂ ಹೊಳೆದಿಲ್ಲ ಅಂತ ಕಾಣುತ್ತದೆ. ನೀವು ಯಾವ ವಾರ ಹೋಗಿದ್ದಿರಿ? ನಮ್ಮಲ್ಲಿ ಬುಧವಾರ ಫೈನಾನ್ಸ್ ಕಂತು. ಒಬ್ಬೊಬ್ಬರು ಎರಡು ಮೂರು ಕಡೆ ಸಾಲ ತಗೊಂಡಿದ್ದಾರೆ. ಒಬ್ಬರು ಕಟ್ಟಲಿಲ್ಲ ಅಂದರೆ ಗುಂಪಿನವರೆಲ್ಲ ಸೇರಿ ಕಟ್ಟಬೇಕು. ಮೊದಲು ರಾತ್ರಿ ಎಂಟಾದರೂ ಫೈನಾನ್ಸ್‌ನವರು ಮನೆ ಮುಂದೆ ಕೂತಿರುತ್ತಿದ್ದರು. ಫೆಬ್ರವರಿ 2025ರಲ್ಲಿ ಸರ್ಕಾರ ಇಂಥ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದ ಮೇಲೆ ನಮ್ಮ ಊರಲ್ಲಿ ಕೂಡುವುದು ನಿಂತಿದೆ. ಆದರೆ ಗುಂಪಿನ ಹೆಣ್ಣುಮಕ್ಕಳ ಮುಖ ನೋಡಬೇಕಲ್ಲ, ಆ ಸಂಕಟ ಹೋಗಿಲ್ಲ. ಮಂಗಳವಾರ ಸಂಜೆ ಸರ್ವೆ ಮಾಡಿದರೆ ಇಡೀ ಓಣಿಗೆ ಕಾಯಿಲೆ ಇದೆ ಅಂತ ಬರುತ್ತದೆ. ಕಂತು ಕಟ್ಟಿದ ಮೇಲೆ ಮಾಡಿದರೆ ಅದೇ ಹೆಣ್ಣುಮಕ್ಕಳು ನಗುತ್ತಾ ಚಹಾ ಕೊಡುತ್ತಾರೆ.

ಅಂಕಿಸಂಖ್ಯೆ ಮೇಷ್ಟ್ರು, ಗದಗ – ಭಾನುವಾರ ಮಧ್ಯಾಹ್ನ 3.05

ಅಕ್ಕಾರ, ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ಕಂತಿನ ವಾರದ ಮಾತು ನನಗೆ ಹೊಳೆದಿರಲಿಲ್ಲ. ತಂಗಿ, ಪ್ರತಿ ಹಾಳೆಯ ತಲೆಯಲ್ಲಿ ವಾರ ಬರೆಯಿರಿ, ಕಂತಿಗೆ ಎಷ್ಟು ದಿನ ಉಳಿದಿತ್ತು ಅಂತ ಬರೆಯಿರಿ. ಇದಕ್ಕೆ ಖರ್ಚಿಲ್ಲ. ಸಾಲದ ಮೊತ್ತ ಹಾನಿ ಮಾಡುತ್ತದೋ, ಸಾಲ ಕಟ್ಟುವ ರೀತಿ ಹಾನಿ ಮಾಡುತ್ತದೋ ಅನ್ನೋದು ಇದರಿಂದಲೇ ಗೊತ್ತಾಗಬಹುದು.

ಕಿರಿಯ ವೈದ್ಯ, ಹುಬ್ಬಳ್ಳಿ – ಭಾನುವಾರ ಸಂಜೆ 6.20

ಮನೋವೈದ್ಯ ವಿಭಾಗದಲ್ಲಿ ಕಲಿಯುತ್ತಿದ್ದೇನೆ. ಇಲ್ಲಿ ಬಂದ ಎಲ್ಲ ಮಾತೂ ಒಪ್ಪುತ್ತೇನೆ, ಒಂದು ಭಯವನ್ನು ಬಿಟ್ಟು. ಕಾರಣ ಸಮಾಜದಲ್ಲಿದೆ ಅಂತ ಹೇಳುತ್ತಾ ಹೋದರೆ ಚಿಕಿತ್ಸೆ ಬೇಡ ಅನ್ನುವ ಕಡೆಗೆ ಮಾತು ಜಾರಬಾರದು. ಸಾಲ ತೀರುವವರೆಗೆ, ಮಳೆ ಬರುವವರೆಗೆ, ನೌಕರಿ ಸಿಗುವವರೆಗೆ ರೋಗಿ ಕಾಯುವುದಕ್ಕೆ ಆಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿತು. ಕರ್ನಾಟಕ ಆ ಹನ್ನೆರಡರಲ್ಲಿ ಇರಲಿಲ್ಲ, ಪೂರ್ವತಯಾರಿಯ ಸಮೀಕ್ಷೆ ಮಾತ್ರ ನಮ್ಮ ಕೋಲಾರದಲ್ಲಿ ಆಯಿತು. ದೊಡ್ಡವರಲ್ಲಿ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು ಜನರಿಗೆ ಆಗ ಯಾವುದೋ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಗೆ ತಕ್ಕಂತೆ ನೂರರಲ್ಲಿ 70ರಿಂದ 92 ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಸಮಾಜದ ಕಾರಣಕ್ಕೆ ಸಮಾಜದೊಳಗಿಂದಲೇ ಚಿಕಿತ್ಸೆ ಕೊಡಬಹುದು ಅಂತಲೂ ತೋರಿಸಿದ್ದಾರೆ. ಪಕ್ಕದ ಗೋವಾದಲ್ಲಿ ಸ್ಥಳೀಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. ಅವರು ಡಾಕ್ಟರ್ ಅಲ್ಲ, ನರ್ಸ್ ಅಲ್ಲ. ಸರ್ಕಾರಿ ಕೇಂದ್ರಗಳಲ್ಲಿ ಆರು ತಿಂಗಳಲ್ಲಿ ಅವರ ಕೈಯಲ್ಲಿ ಚೇತರಿಸಿಕೊಂಡವರು ನೂರಕ್ಕೆ 66, ಮಾಮೂಲಿ ಚಿಕಿತ್ಸೆಯಲ್ಲಿ ಸುಮಾರು 43. ಇದು 2010ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಇನ್ನೊಂದು ಕಡೆ, ಆಫ್ರಿಕಾದ ಜಿಂಬಾಬ್ವೆಯಲ್ಲಿ ಅಜ್ಜಿಯರನ್ನೇ ತಯಾರು ಮಾಡಿ ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕೂರಿಸಿದರು. ಅಲ್ಲಿಯ ಶೋನಾ ಭಾಷೆಯಲ್ಲಿ ಈ ತೊಂದರೆಗೆ ‘ಕುಫುಂಗಿಸಿಸಾ’ ಅನ್ನುತ್ತಾರೆ. ಅರ್ಥ ಏನು ಗೊತ್ತಾ? ಅತಿಯಾಗಿ ವಿಚಾರ ಮಾಡುವುದು. ಆಶಾ ಅಕ್ಕ ಬರೆದ ‘ಭಾಳ ವಿಚಾರ ಹತ್ಯಾವ’ ಓದಿದಾಗ ನನಗೆ ರೋಮಾಂಚನ ಆಯಿತು.

ಒಂದು ಗಂಭೀರ ಪ್ರಶ್ನೆ ಇದೆ, ವಿದ್ಯಾರ್ಥಿನಿಯವರಿಗೆ. ಪಟ್ಟಿಯ ಒಂಬತ್ತನೇ ಪ್ರಶ್ನೆ ಸಾವಿನ ವಿಚಾರದ್ದು. ಆ ತಾಯಿ ಅದಕ್ಕೆ ಏನು ಹೇಳಿದರು? ನೀವು ಏನು ಮಾಡಿದಿರಿ?

ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ – ಭಾನುವಾರ ರಾತ್ರಿ 8.10

‘ಒಮ್ಮೊಮ್ಮೆ ಅನಸ್ತೈತಿ’ ಅಂದರು. ನಾನು 1 ಅಂತ ಬರೆದುಕೊಂಡೆ. ಹಾಳೆ ತಿರುವಿದೆ.

ನಿಮ್ಮ ಪ್ರಶ್ನೆ ಓದಿದಾಗಿನಿಂದ ಬೇರೇನೂ ಮಾಡಲು ಆಗಿಲ್ಲ. ನೈತಿಕ ಸಮಿತಿಗೆ ಕೊಟ್ಟ ಅರ್ಜಿಯಲ್ಲಿ ‘ಅಗತ್ಯ ಇದ್ದವರಿಗೆ ಸಹಾಯದ ಮಾಹಿತಿ ಕೊಡಲಾಗುವುದು’ ಅಂತ ನಾನೇ ಬರೆದಿದ್ದೇನೆ. ಸಹಾಯವಾಣಿಯ ಚೀಟಿಯನ್ನೂ ಕೊಟ್ಟು ಬಂದೆ. ಆದರೆ ಅವರಿಗೆ ಓದಲು ಬರುವುದಿಲ್ಲ ಅಂತ ಮೊದಲನೇ ಹಾಳೆಯಲ್ಲಿ ನಾನೇ ಗುರುತು ಹಾಕಿಕೊಂಡಿದ್ದೆ.

ನಿರ್ವಾಹಕರು – ಭಾನುವಾರ ರಾತ್ರಿ 8.30

ಓದುತ್ತಿರುವವರಲ್ಲಿ ಯಾರಿಗಾದರೂ ಜೀವ ಭಾರ ಅನಿಸುತ್ತಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ರಾತ್ರಿಯೂ ಇರುತ್ತಾರೆ, ಕನ್ನಡದಲ್ಲಿ ಮಾತಾಡಬಹುದು. ನಂಬಿಕೆಯ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದರೆ ಇನ್ನೂ ಒಳ್ಳೆಯದು.

ನಿವೃತ್ತ ನರ್ಸ್ – ಭಾನುವಾರ ರಾತ್ರಿ 9.00

ಮಗಳೇ, ಅಳಬೇಡ. ನಾಳೆಯೇ ಹೋಗು. ಸರ್ವೆಗೆ ಅಲ್ಲ, ಸುಮ್ನೆ ಮಾತಾಡಿಸಿಕೊಂಡು ಬಾ. ಹಾಳೆ ತಗೊಂಡು ಹೋಗಬೇಡ.

ಮೂವತ್ತೊಂದು ವರ್ಷ ಮಾನಸಿಕ ರೋಗಿಗಳ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಜೀವ ಬೇಡ ಅನಿಸಿದೆಯಾ ಅಂತ ಕೇಳಿದರೆ ಆ ಯೋಚನೆ ತಲೆಗೆ ಹೊಗುತ್ತದೆ ಅಂತ ಜನ ಹೆದರುತ್ತಾರೆ. ಹಾಗಿಲ್ಲ. ಕೇಳುವುದರಿಂದ ಯಾರಿಗೂ ಕೆಡುಕಾಗುವುದಿಲ್ಲ. ಕೇಳಿ ಎದ್ದು ಹೋಗುವುದರಿಂದ ಆಗುತ್ತದೆ.

ಕುಂದಗೋಳ ಹಿರಿಯ – ಸೋಮವಾರ ಬೆಳಿಗ್ಗೆ 6.45

ಎಲ್ಲ ಓದಿದೆ. ನಮ್ಮ ಕಾಲದಲ್ಲಿ ಬಡತನ ಇದಕ್ಕಿಂತ ಜಾಸ್ತಿ ಇತ್ತು. ಆದರೆ ಒಂದೇ ಮನೆಯಲ್ಲಿ ಹದಿನೆಂಟು ಜನ ಇರುತ್ತಿದ್ದೆವು. ಯಾರಿಗಾದರೂ ಮನಸ್ಸು ಕೆಟ್ಟರೆ ಮಠಕ್ಕೆ, ದರ್ಗಾಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಸಮಾಧಾನ ಆಗುತ್ತಿತ್ತು. ಈಗ ಮನೆ ಒಡೆದವು, ನಂಬಿಕೆ ಹೋಯಿತು. ಸಂಶೋಧನೆ ಇದನ್ನೂ ನೋಡಬೇಕು ಅಂತ ನನ್ನ ಅಭಿಪ್ರಾಯ.

ನಿವೃತ್ತ ನರ್ಸ್ – ಸೋಮವಾರ ಬೆಳಿಗ್ಗೆ 10.15

ಅಣ್ಣಾರ, ನಿಮ್ಮ ಮಾತಿನಲ್ಲಿ ಅರ್ಧ ನಿಜ ನಾನೇ ನೋಡಿದ್ದೇನೆ. 2002ರಲ್ಲಿ ನಿಮ್ಹಾನ್ಸ್‌ನ ವೈದ್ಯರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಗೆ ಹೋಗಿ, ಅಲ್ಲಿ ಉಳಿದುಕೊಂಡಿದ್ದ 31 ಮಂದಿಯನ್ನು ಪರೀಕ್ಷಿಸಿ ಬರೆದರು. ಔಷಧ ಇರಲಿಲ್ಲ. ಹೊಡೆತ ಬಡಿತ ಇರಲಿಲ್ಲ. ಮನೆಯವರು ಜೊತೆಗಿದ್ದರು, ಗುಡಿಯ ಸಣ್ಣಪುಟ್ಟ ಕೆಲಸ ಮಾಡಿಕೊಂಡು ಕೆಲವು ವಾರ ಇರುತ್ತಿದ್ದರು. ಲಕ್ಷಣಗಳು ಸುಮಾರು ಶೇ 20ರಷ್ಟು ಕಡಿಮೆ ಆಗಿದ್ದವು. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ಅದಕ್ಕೂ ಹಿಂದಿನ ವರ್ಷ, ದರ್ಗಾದ ಸುತ್ತ ಖಾಸಗಿಯವರು ನಡೆಸುತ್ತಿದ್ದ ಶೆಡ್ಡಿಗೆ ಬೆಂಕಿ ಬಿದ್ದು ಸರಪಳಿ ಹಾಕಿ ಕಟ್ಟಿದ್ದ 25ಕ್ಕೂ ಹೆಚ್ಚು ರೋಗಿಗಳು ಸತ್ತರು. ಓಡಿಹೋಗಲು ಆಗಲಿಲ್ಲ. ದೇವರ ಜಾಗ ಅಂದ ಮಾತ್ರಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅಲ್ಲಿ ಆ ಮನುಷ್ಯನನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನೋದನ್ನು ನೋಡಬೇಕು.

ಕುಟುಂಬದ ಮಾತೂ ಹಾಗೇ. ರಾತ್ರಿಯೆಲ್ಲ ಮಗನ ಕಾಲು ಒತ್ತುತ್ತಾ ಕೂತ ತಾಯಂದಿರನ್ನು ನೋಡಿದ್ದೇನೆ. ಪೂರ್ತಿ ಗುಣವಾದ ಮೇಲೂ ಮನೆಯಿಂದ ಯಾರೂ ಬರದೆ ಆರು ವರ್ಷ ವಾರ್ಡಿನಲ್ಲೇ ಉಳಿದ ಒಬ್ಬ ಹೆಣ್ಣುಮಗಳನ್ನೂ ನೋಡಿದ್ದೇನೆ. ವಿಳಾಸಕ್ಕೆ ಪತ್ರ ಹಾಕಿದರೆ ವಾಪಸ್ ಬರುತ್ತಿತ್ತು. ತಂಗಿಯ ಮದುವೆ ನಿಲ್ಲುತ್ತದೆ ಅನ್ನುವ ಭಯ ಅವರಿಗೆ. ನಮ್ಮ ಕಡೆ ಮಕ್ಕಳು ಹಟ ಮಾಡಿದರೆ ‘ಧಾರವಾಡಕ್ಕ ಕಳಸ್ತೀನಿ ನೋಡು’ ಅಂತಾರಲ್ಲ, ಅಂದರೆ ಅಲ್ಲಿಯ ಮಾನಸಿಕ ಆಸ್ಪತ್ರೆಗೆ ಅಂತ, ಆ ಮಾತು ಕೇಳಿದಾಗಲೆಲ್ಲ ನನಗೆ ಆಕೆ ನೆನಪಾಗುತ್ತಾಳೆ.

ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ – ಸೋಮವಾರ ಬೆಳಿಗ್ಗೆ 10.40

ಕುಂದಗೋಳದ ಅಜ್ಜಾರಿಗೆ ಒಂದು ಮಾತು. 1897ರಲ್ಲೇ ಫ್ರಾನ್ಸಿನ ಡರ್ಕೈಮ್ ಆತ್ಮಹತ್ಯೆಯ ಬಗ್ಗೆ ದೊಡ್ಡ ಪುಸ್ತಕ ಬರೆದರು. ನಮ್ಮ ವಿಷಯಕ್ಕೆ ಅದೇ ತಳಪಾಯ. ಸಮಾಜದ ಕಟ್ಟು ತೀರಾ ಸಡಿಲ ಆದರೂ ಅಪಾಯ, ತೀರಾ ಬಿಗಿ ಆದರೂ ಅಪಾಯ ಅಂತ ಅವರ ವಾದ. ಹದಿನೆಂಟು ಜನರ ಮನೆ ನಿಮ್ಮನ್ನು ಕಾಪಾಡಿದೆ. ಆ ಮನೆಯ ಸೊಸೆಯಂದಿರು ಇದ್ದರೆ ಅವರ ಮಾತನ್ನೂ ಕೇಳುವ ಆಸೆ ನನಗೆ.

ಹಾನಗಲ್ ಬಸ್‌ನಲ್ಲಿದ್ದೇನೆ.

ಬೆಟಗೇರಿ ಮಗ್ಗ – ಸೋಮವಾರ ಮಧ್ಯಾಹ್ನ 1.20

ಎಲ್ಲರೂ ಹೆಣ್ಣುಮಕ್ಕಳ ಬಗ್ಗೆ, ಓದುವವರ ಬಗ್ಗೆ ಬರೆದಿದ್ದೀರಿ. ಗಂಡಸರನ್ನು ಯಾರು ಕೇಳುತ್ತಾರೆ? ಸರ್ವೆಯವರು ಹಗಲು ಹೊತ್ತಿನಲ್ಲಿ ಬರುತ್ತಾರೆ. ಆಗ ಮನೆಯಲ್ಲಿ ಗಂಡಸರು ಇರುವುದಿಲ್ಲ. ಇದ್ದರೆ ಅವನೇ ತೊಂದರೆಯಲ್ಲಿರುವವನು.

ನಮ್ಮಪ್ಪ ಕೈಮಗ್ಗದವರು. ಸೀರೆಗೆ ಗಿರಾಕಿ ಕಡಿಮೆ ಆದ ಮೇಲೆ ಮಗ್ಗ ಬಿಚ್ಚಿ ಕಟ್ಟಿಗೆ ಮಾರಿದರು. ಅವತ್ತು ಒಂದು ಮಾತೂ ಆಡಲಿಲ್ಲ. ಆಮೇಲೆ ಎಂಟು ವರ್ಷವೂ ಹೆಚ್ಚು ಆಡಲಿಲ್ಲ. ಕುಡಿಯುವುದು ಶುರುವಾಯಿತು. ಊರೆಲ್ಲ ಕುಡುಕ ಅಂದಿತು. ನಾನೂ ಹಾಗೇ ಅಂದುಕೊಂಡಿದ್ದೆ. ಅವರು ಹೋದ ಮೇಲೆ ಅಟ್ಟದ ಮೇಲೆ ಒಂದು ಗಂಟು ಸಿಕ್ಕಿತು. ಒಳಗೆ ಮಗ್ಗದ ಲಾಳಿ ಇತ್ತು. ಎಣ್ಣೆ ಹಚ್ಚಿ ಇಟ್ಟಿದ್ದರು.

‘ಎಷ್ಟು ಕುಡಿಯುತ್ತೀರಿ’ ಅಂತ ಎಲ್ಲ ಸರ್ವೆಯಲ್ಲೂ ಇರುತ್ತದೆ. ‘ಮೊದಲು ಏನು ಕೆಲಸ ಮಾಡುತ್ತಿದ್ದಿರಿ’ ಅಂತ ಕೇಳಿ.

ಅಂಕಿಸಂಖ್ಯೆ ಮೇಷ್ಟ್ರು, ಗದಗ – ಸೋಮವಾರ ಸಂಜೆ 5.30

ತಮ್ಮಾ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಅದೇ ಬೆಟಗೇರಿ ರಸ್ತೆಯಲ್ಲಿ ದಿನಾ ಓಡಾಡುತ್ತೇನೆ.

ಆ ರಾಷ್ಟ್ರೀಯ ಸಮೀಕ್ಷೆಯಲ್ಲಿ ಗಂಡಸರಲ್ಲಿ ನೂರಕ್ಕೆ ಸುಮಾರು 14, ಹೆಂಗಸರಲ್ಲಿ 7ರಿಂದ 8 ಜನರಿಗೆ ಆಗ ತೊಂದರೆ ಇತ್ತು. ಖಿನ್ನತೆ ಹೆಂಗಸರಲ್ಲಿ ಹೆಚ್ಚು. ಗಂಡಸರ ಲೆಕ್ಕ ಏರಿಸಿದ್ದು ಕುಡಿತದಂಥ ಚಟಗಳು. ಕುಡಿತದ ತೊಂದರೆ ಇದ್ದವರಲ್ಲಿ ನೂರಕ್ಕೆ 86 ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ನಿಮ್ಮಪ್ಪನಂಥವರು ಆ 86ರಲ್ಲಿ ಇದ್ದಾರೆ.

ಪೊಲೀಸ್ ದಾಖಲೆಗಳ ಬಗ್ಗೆಯೂ ತಂಗಿಗೆ ಎಚ್ಚರಿಕೆ ಕೊಡಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ 2021ರ ವರದಿಯಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,64,033. ಅದರಲ್ಲಿ ದಿನಗೂಲಿಯವರು 42 ಸಾವಿರ, ಗೃಹಿಣಿಯರು 23 ಸಾವಿರ, ರೈತರು ಮತ್ತು ಕೃಷಿ ಕೂಲಿಯವರು ಸೇರಿ ಸುಮಾರು 11 ಸಾವಿರ. ನಾವು ಸುದ್ದಿಯಲ್ಲಿ ಓದುವುದು ಕೊನೆಯ ಲೆಕ್ಕ ಮಾತ್ರ. ರೈತನ ಹೆಂಡತಿ ಹೊಲದಲ್ಲಿ ದುಡಿದರೂ ದಾಖಲೆಯಲ್ಲಿ ಗೃಹಿಣಿ ಅಂತ ಬರೆಯಬಹುದು. ಕಾರಣದ ಕಾಲಂನಲ್ಲಿ ಮೂರನೇ ಒಂದು ಭಾಗಕ್ಕೆ ‘ಕೌಟುಂಬಿಕ ಸಮಸ್ಯೆ’ ಅಂತ ಇದೆ. ಸಾಲದ ಜಗಳವೂ ಅದೇ, ಹೊಡೆತವೂ ಅದೇ, ವರದಕ್ಷಿಣೆಯ ಕಿರಿಕಿರಿಯೂ ಅದೇ ಆಗಿರಬಹುದು. ಆ ಒಂದು ಮಾತಿನ ಹಿಂದೆ ಏನಿದೆ ಅಂತ ತೆಗೆಯುವುದೇ ನಿಮ್ಮ ಪಿಎಚ್‌ಡಿ ಆಗಬೇಕು ತಂಗಿ.

ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ – ಸೋಮವಾರ ರಾತ್ರಿ 10.05

ಹೋಗಿ ಬಂದೆ. ಹಾಳೆ ತಗೊಂಡು ಹೋಗಲಿಲ್ಲ.

ಆ ತಾಯಿ ಮೊದಲು ಹೆದರಿದರು. ಏನೋ ತಪ್ಪು ಬರೆಸಿದ್ದೇನೆ ಅಂದುಕೊಂಡರಂತೆ. ಆಮೇಲೆ ಹಿತ್ತಲಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತೆವು. ಏನು ಹೇಳಿದರು ಅಂತ ಇಲ್ಲಿ ಬರೆಯುವುದಿಲ್ಲ, ಅದು ಅವರದು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ ಅಂತ ಹೇಳಿದೆ. ಒಬ್ಬಳೇ ಹೋಗಲಾರೆ ಅಂದರು. ನಾನು ಬರುತ್ತೇನೆ ಅಂದಿದ್ದೇನೆ. ಅಧ್ಯಯನದವಳು ರೋಗಿಯ ಜೊತೆ ಹೋಗಬಹುದಾ ಅಂತ ಗೈಡ್‌ಗೆ ಫೋನ್ ಮಾಡಿ ಕೇಳಿದೆ. ‘ಹೋಗು, ಅವರ ಹಾಳೆಯನ್ನು ಲೆಕ್ಕದಿಂದ ತೆಗೆದುಬಿಡು’ ಅಂದರು. ತೆಗೆದಿದ್ದೇನೆ.

ಎರಡನೇ ಹಾಳೆಯಲ್ಲಿ ನಿಮ್ಮ ಮಾತುಗಳಿಂದ ಬಂದಿದ್ದೇ ಜಾಸ್ತಿ. ವರ್ಷದ ಗೆರೆ, ಕಂತಿನ ವಾರ, ಮೊದಲಿನ ಕೆಲಸ, ಊರಿಗೆ ಹೋಗಿ ಎಷ್ಟು ದಿನ, ಮನೆಯವರು ಹಾಕಿದ ಗಡುವು. ‘ಯಾರಿಗೆ ನಿಜ ಹೇಳುತ್ತೀರಿ’ ಅನ್ನುವುದನ್ನು ಎರಡೂ ಗುಂಪಿಗೆ ಕೇಳುತ್ತೇನೆ. 1978ರಲ್ಲಿ ಬ್ರೌನ್ ಮತ್ತು ಹ್ಯಾರಿಸ್ ಲಂಡನ್ನಿನ ಕ್ಯಾಂಬರ್‌ವೆಲ್ ಅನ್ನುವ ಕಡೆ 458 ಹೆಂಗಸರನ್ನು ಮಾತಾಡಿಸಿ ಬರೆದಿದ್ದರು: ಕಷ್ಟ ಬಂದಾಗ ಎಲ್ಲವನ್ನೂ ಹೇಳಿಕೊಳ್ಳುವಂಥ ಒಬ್ಬರು ಹತ್ತಿರ ಇದ್ದರೆ ಖಿನ್ನತೆಗೆ ಬೀಳುವುದು ಕಡಿಮೆ ಅಂತ. ಅದನ್ನು ಓದಿ ಪರೀಕ್ಷೆ ಬರೆದವಳು ನಾನು. ಸಪ್ತಾಪುರದ ತಮ್ಮ ಗಂಜಿಯ ಮಾತು ಹೇಳುವವರೆಗೆ ಅದು ನನ್ನ ಪ್ರಶ್ನೆ ಆಗಿರಲಿಲ್ಲ.

ಒಂಬತ್ತನೇ ಪ್ರಶ್ನೆಗೆ 0 ಬಿಟ್ಟು ಬೇರೆ ಏನು ಬಂದರೂ ಅಲ್ಲೇ ಹಾಳೆ ಮುಚ್ಚುತ್ತೇನೆ. ಅವತ್ತಿನ ಕೆಲಸ ಅದೇ.

ಒಂದು ತೊಡಕು ಉಳಿದಿದೆ. ಅತ್ತೆ, ಗಂಡ, ನೆರೆಯವರು ಇಲ್ಲದೆ ಕೂತು ಮಾತಾಡಲು ಹಳ್ಳಿಯಲ್ಲಿ ಜಾಗವೇ ಇಲ್ಲ. ಗುಡಿಯ ಕಟ್ಟೆ ಮೇಲೆ ಎಲ್ಲರೂ ಇರುತ್ತಾರೆ. ಏನು ಮಾಡಲಿ?

ಆಶಾ ಕಾರ್ಯಕರ್ತೆ, ಹಾನಗಲ್ ತಾಲ್ಲೂಕು – ಸೋಮವಾರ ರಾತ್ರಿ 10.50

ಅಂಗನವಾಡಿ ನಾಲ್ಕಕ್ಕೆ ಮುಗಿಯುತ್ತದೆ ತಂಗಿ. ಆಮೇಲೆ ಅಲ್ಲಿ ಯಾರೂ ಇರುವುದಿಲ್ಲ. ಟೀಚರ್ ಹತ್ತಿರ ಕೇಳಿ ಕೀಲಿ ಇಸಿದುಕೊಂಡಿರುತ್ತೇನೆ. ಬಿಪಿ ನೋಡುವುದಕ್ಕೆ ಕರೆದಿದ್ದಾರೆ ಅಂತ ಹೇಳಿದರೆ ಅತ್ತೆಯಂದಿರೂ ಕಳಿಸುತ್ತಾರೆ. ಬಿಪಿ ನಿಜವಾಗಿಯೂ ನೋಡೋಣ, ಸುಳ್ಳು ಬೇಡ.

ನಾಳೆ ಮಂಗಳವಾರ. ಆಸ್ಪತ್ರೆಗೆ ಆ ತಾಯಿ ಜೊತೆ ನಾನೂ ಬರುತ್ತೇನೆ. ಊರಿನ ಹೆಸರು ಇಲ್ಲಿ ಬರೆಯಬೇಡಿ, ನನಗೊಬ್ಬಳಿಗೇ ಕಳಿಸಿ. ಸಂಜೆಯೊಳಗೆ ಅವರನ್ನು ಮನೆಗೆ ಬಿಡಬೇಕು, ನಾಡಿದ್ದು ಬುಧವಾರ.